ಮಸಿಯಲ್ಲ, ನಾನು

ನಾನು ಒಂದು ಬ್ಯಾಕ್ಟೀರಿಯಾ. ಹೆಸರು ಕೇಳಿ ಮೂಗು ಮುರಿಯಬೇಡಿ. ರೋಗ ತರುವ ನೆಂಟರು ನಮ್ಮಲ್ಲೂ ಇದ್ದಾರೆ, ನಾನು ಆ ಪೈಕಿ ಅಲ್ಲ.

ಹುಟ್ಟಿದ್ದು ಕಲಬುರಗಿ ಕಡೆಯ ಎರೆಹೊಲದಲ್ಲಿ, ತೊಗರಿ ಗಿಡದ ಬೇರಿನ ಮೇಲೆ. ಸುತ್ತಲಿನ ಗಿಡಗಳೆಲ್ಲ ನೆಟೆ ರೋಗಕ್ಕೆ ಒಣಗಿ ನಿಂತಿದ್ದವು. ಮಣ್ಣಿನ ಶಿಲೀಂಧ್ರವೊಂದು ಬೇರಿನೊಳಗೆ ನುಗ್ಗಿ ನೀರಿನ ದಾರಿ ಕಟ್ಟಿಬಿಡುತ್ತದೆ, ಅದೇ ನೆಟೆ. ನಮ್ಮ ಗಿಡ ಮಾತ್ರ ಹಸಿರಾಗಿತ್ತು. ಕೃಷಿ ಕೇಂದ್ರದವರು ಅದನ್ನು ಬೇರುಸಮೇತ ಒಯ್ದರು. ಅಲ್ಲಿ ಗಾಜಿನ ತಟ್ಟೆಯಲ್ಲಿ ಉಂಡುಟ್ಟು ಒಬ್ಬನಿದ್ದವನು ಲಕ್ಷಾಂತರವಾದೆ. ಆಮೇಲೆ ಇದ್ದಿಲ ಪುಡಿಯಲ್ಲಿ ಬೆರೆಸಿ ಪೊಟ್ಟಣ ಕಟ್ಟಿದರು.

ಆ ಪೊಟ್ಟಣ ತಂದವಳು ಜಗದೇವಿ. ಅವಳು ತವರಿನಿಂದ ತಂದ ತೊಗರಿ ಬೀಜ ಎರಡು ವರ್ಷದಿಂದ ನೆಟೆಗೆ ಬಲಿಯಾಗುತ್ತಿತ್ತು.

"ಈ ಸಲನೂ ಒಣಗಿತಂದ್ರ ನಿನ್ನ ತವರಿನ ತೊಗರಿ ಸಾಕು. ಜೋಳಾನೇ ಬಿತ್ತೋದು" ಎಂದಿದ್ದಳು ಅತ್ತೆ ಭೋಗಮ್ಮ. ಆ ಮನೆಯಲ್ಲಿ ಭೋಗಮ್ಮನ ಮಾತೆಂದರೆ ಮುಗಿಯಿತು.

ಬಿತ್ತುವ ದಿನ ಜಗದೇವಿ ಬೀಜಕ್ಕೆ ಬೆಲ್ಲದ ನೀರು ಚಿಮುಕಿಸಿ, ನನ್ನನ್ನು ಸವರಿ, ನೆರಳಲ್ಲಿ ಹರವಿ ಹೋದಳು. ಅಷ್ಟರಲ್ಲಿ ಬೀಜಕ್ಕೆ ಪೂಜೆ ಮಾಡಲು ಭೋಗಮ್ಮ ಬಂದಳು.

"ಅಯ್ಯ ನಮ್ಮವ್ವ! ಇಂಥ ಮಸಿ ಬೀಜ ದೇವರ ಮುಂದ ಇಡಬೇಕೇನು?"

ಅರ್ಧ ಬೀಜ ಬುಟ್ಟಿಗೆ ತುಂಬಿ ತೊಳೆದೇಬಿಟ್ಟಳು. ನನ್ನ ಬಳಗದ ಅರ್ಧ ಬಚ್ಚಲು ಸೇರಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಅತ್ತೀ, ಅದು ಮಸಿ ಅಲ್ರೀ, ಔಷಧ!" ಜಗದೇವಿ ಓಡಿಬಂದು ಉಳಿದದ್ದನ್ನು ಮಡಿಲಿಗೆ ಬಾಚಿಕೊಂಡಳು. ಪೊಟ್ಟಣ ಖಾಲಿಯಾಗಿತ್ತು. ಕಣ್ಣೀರು ನುಂಗಿ, ತೊಳೆದ ಬೀಜವನ್ನು ಬದುವಿನ ಆಚೆ, ಕರಿ ಬೀಜವನ್ನು ಈಚೆ ಬಿತ್ತಿಸಿದಳು.

ಮೊಳಕೆಯೊಡೆದಾಗ ನಾನು ಬೇರಿಗೆ ಅಂಟಿಕೊಂಡೇ ಕೆಳಗಿಳಿದೆ. ಅದು ಕೊಟ್ಟ ಸಿಹಿ ಉಂಡು ಮನೆ ತುಂಬ ಮಕ್ಕಳಾದವು. ಶಿಲೀಂಧ್ರ ಬಂದು ನೋಡಿದರೆ ಕಾಲಿಡಲು ಜಾಗವಿಲ್ಲ! ಸಂದಿಯಲ್ಲಿ ತೂರಿದವರಿಗೆ ನಮ್ಮ ವಿಷರಸದ ಸತ್ಕಾರ ಕಾದಿತ್ತು.

ಎಳ್ಳಮಾವಾಸ್ಯೆಗೆ ನೆಂಟರೆಲ್ಲ ಹೊಲಕ್ಕೆ ಊಟಕ್ಕೆ ಬಂದರು. ಭೂಮಿಗೆ ಎಡೆಯ ಚರಗ ಚೆಲ್ಲುತ್ತ ಬಂದ ಭೋಗಮ್ಮ ಬದುವಿನ ಮೇಲೆ ನಿಂತಳು. ಆಚೆ ಗಿಡಗಳು ಒಣಗಿದ್ದವು. ಈಚೆ ಕಾಯಿಭಾರಕ್ಕೆ ಬಾಗಿದ್ದವು. ಊಟಕ್ಕೆ ಕೂತಾಗ ಅವಳು ಸೊಸೆಯ ತಾಟಿಗೆ ತಾನೇ ಇನ್ನೆರಡು ಕಡುಬು ಹಾಕಿದಳು.

ನನಗೆ ಮುಪ್ಪಿಲ್ಲ. ವಯಸ್ಸಾದರೆ ಇಬ್ಬರಾಗುತ್ತೇನೆ, ಅಷ್ಟೆ. ಹೊಲದ ಮಣ್ಣಿನಲ್ಲೂ ನಾನೇ, ಹೊಸ ಪೊಟ್ಟಣದಲ್ಲೂ ನಾನೇ. ಮೊನ್ನೆ ಮತ್ತೆ ತೊಗರಿ ಬಿತ್ತನೆಯಾಯಿತು. ಈ ಸಲ ಬೀಜಕ್ಕೆ ನನ್ನನ್ನು ಸವರಿದವಳು ಭೋಗಮ್ಮ. ಕರಿ ಬೀಜವನ್ನೇ ದೇವರ ಮುಂದಿಟ್ಟು ಕೈಮುಗಿದಳು. ಹಣೆಯ ಬೆವರು ಒರೆಸಿಕೊಂಡಾಗ ವಿಭೂತಿಯ ಮೇಲೆ ಕರಿ ಗೆರೆ ಬಿತ್ತು.

"ಅತ್ತೀ, ಹಣಿಗೆ ಮಸಿ ಹತ್ಯಾದ ನೋಡ್ರಿ" ಎಂದು ಜಗದೇವಿ ನಕ್ಕಳು.

"ಮಸಿ ಅಲ್ಲಬೇ, ಔಷಧ."

ಆ ಗೆರೆಯಲ್ಲಿ ನಾನಿದ್ದೆ. ಬೇರಿನಲ್ಲಿ ಹುಟ್ಟಿದವನು ಇಷ್ಟು ಎತ್ತರಕ್ಕೆ ಎಂದೂ ಏರಿರಲಿಲ್ಲ.