ಭೀಮರಾಯನ ಕೈಗವಸು

ಯಮಕನಮರಡಿಯ ಭೀಮರಾಯ ನಡೆಯುವಾಗಲೂ ತೊಡೆಗಳ ನಡುವೆ ಮೋಟಾರ್ ಸೈಕಲ್ಲೊಂದು ಇದ್ದಂತೆಯೇ ಕಾಲಗಲಿಸಿ ನಡೆಯುತ್ತಿದ್ದ; ಊಟಕ್ಕೆ ಕೂತರೂ ಅವನ ಬಲ ಮಣಿಕಟ್ಟು ಅಗೋಚರವಾದ ಹ್ಯಾಂಡಲ್ಲೊಂದನ್ನು ತಿರುವುತ್ತಲೇ ಇರುತ್ತಿತ್ತು. ಸ್ವಾತಂತ್ರ್ಯ ಬಂದ ಮರುವರ್ಷ ಪಲ್ಟನ್ನು ಬಿಟ್ಟು ಬಂದವನು, ಲಿಲಾವಿನಲ್ಲಿ ಸವಾಲು ಕೂಗಿ ಹಿಡಿದ ಮಿಲಿಟರಿ ಮೋಟಾರ್ ಸೈಕಲ್ ಗಾಡಿಯೊಂದನ್ನು ಊರಿಗೆ ತಂದ. ಅದು ಗುಡುಗಿದರೆ ಗೋಕಾಕದ ಜಲಪಾತವೂ ಅರೆಕ್ಷಣ ಬಾಯಿ ಮುಚ್ಚುತ್ತಿತ್ತೆಂದು ನಾವೆಲ್ಲ ನಂಬಿದ್ದೆವು.

ಆದರೆ ಅವನ ಚಿಂತೆಯೆಲ್ಲ ಕೈಗವಸಿನದು. ಮಳೆಗಾಲದ ದೂರದ ಸವಾರಿಗೆ ಒಪ್ಪುವ ಜೋಡಿಯೊಂದು ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲವೆಂಬುದು ಅವನ ವಾದ. ಚರ್ಮದ್ದು ನೆನೆದು ಒಣಗಿದರೆ ಶೇಂಗಾ ಸಿಪ್ಪೆಯಂತೆ ಸೆಟೆಯುತ್ತಿತ್ತು. ರಬ್ಬರಿನದರಲ್ಲಿ ತೋಳಿನಿಂದಿಳಿದ ನೀರು ನಿಂತು ಮೀನು ಸಾಕುವಷ್ಟು ಕೆರೆಯಾಗುತ್ತಿತ್ತು. ಕೊನೆಗೆ ಕುರುಬರ ಮನೆಯ ಮಗಳಾದ ಹೆಂಡತಿ ಸತ್ತೆವ್ವ ಕಂಬಳಿ ತುಂಡಿನಲ್ಲಿ ಹೆಬ್ಬೆರಳಿಗೊಂದು ಗೂಡು, ಉಳಿದವಕ್ಕೆಲ್ಲ ಒಂದೇ ಚೀಲ ಮಾಡಿ ಹೊಲಿದಳು. ಕಂಬಳಿಯ ಮೇಲೆ ನೀರು ಜಾರಲೆಂದು ಹುಣಸೆಬೀಜದ ಗಂಜಿ ಬಳಿಯುವುದು ಅವಳ ತವರಿನ ಪದ್ಧತಿ. ಪ್ರೀತಿಯ ಭರದಲ್ಲಿ ಒಂದಕ್ಕೆರಡು ಪಟ್ಟು ಬಳಿದಳು. ಜಡಿಮಳೆಗೆ ಗಂಜಿ ಕರಗಿ ಅಂಟಾಗಿ, ಹುಕ್ಕೇರಿ ಸಂತೆಯಲ್ಲಿ ಭೀಮರಾಯ ಇಳಿದರೂ ಕೈಗಳು ಗಾಡಿಯ ಮೇಲೆಯೇ ಉಳಿದವು. ಸತ್ತೆವ್ವ ಗಂಜಿ ತೊಳೆದು, ಒಳಗೆ ಕುರಿಮರಿಯ ಎಳೆಯುಣ್ಣೆ ಕೂರಿಸಿಕೊಟ್ಟಳು.

"ಇದರಾಗ ಕೈ ಇಟ್ರ ಅತ್ತಿಮನಿಗಿ ಹೋದಂಗ ಆಕ್ಕೈತಿ ನೋಡ್, ಹೊರಗ ಬರಾಕ ಮನಸ ಆಗೂದಿಲ್ಲ" ಎಂದ. ಅಂದಿನಿಂದ ಅವನ್ನು ಬೇರೆಯವರು ಮುಟ್ಟುವಂತಿರಲಿಲ್ಲ.

ಒಂದು ಆಷಾಢದಲ್ಲಿ ಸತ್ತೆವ್ವನಿಗೆ ಬೇನೆ ಹತ್ತಿತು. ಕೂಸು ಅಡ್ಡ ತಿರುಗಿದೆಯೆಂದು ಊರ ಸೂಲಗಿತ್ತಿ ಕೈಚೆಲ್ಲಿದಳು. ಹಳ್ಳ ಉಕ್ಕಿ ಬಸ್ಸು ನಿಂತಿತ್ತು. ಭೀಮರಾಯ ಹುಕ್ಕೇರಿಗೆ ಹಾರಿ, ನರ್ಸು ಸುಂದ್ರವ್ವನನ್ನು ಹಿಂದೆ ಕೂರಿಸಿಕೊಂಡು ತಿರುಗಿದ. ಮಳೆ ಸೂಜಿಯಂತೆ ಚುಚ್ಚುತ್ತಿತ್ತು. ಹಳ್ಳದ ದಂಡೆಯಲ್ಲಿ ಸುಂದ್ರವ್ವ ಅವನ ಬೆನ್ನಿಗೆ ಗುದ್ದಿದಳು.

"ನಿಂದ್ರಸೋ ತಮ್ಮಾ! ಥಂಡಿಗಿ ಕೈಬಳ್ಳ ನನ್ನೂವೋ ಮಂದೀವೋ ತಿಳೀವಲ್ದು. ಕೂಸು ಅಡ್ಡ ಐತಿ ಅಂತಿ, ಸೆಟದ ಕೈಲೆ ಹ್ಯಾಂಗ ಹೊರಳಸ್ಲಿ?"

ಭೀಮರಾಯ ಎದುರಿನ ಕೆಂಪು ನೀರನ್ನು ನೋಡಿದ, ತನ್ನ ಕೈಗವಸುಗಳನ್ನು ನೋಡಿದ. ಕೊಟ್ಟರೆ ಗಾಡಿ ಕೈತಪ್ಪಿ ಇಬ್ಬರೂ ಹಳ್ಳದ ಪಾಲು, ಕೊಡದಿದ್ದರೆ ಸತ್ತೆವ್ವ?

"ಬಲಗೈದ್ ಬಿಚ್ಚಾಕ ಬರೂದಿಲ್ರಿ ಅಕ್ಕಾರ, ಗಾಡಿ ಜೀವಾನ ಅದರಾಗ ಐತಿ."

"ನಿನ್ನ ಬಲಗೈ ಯಾರಿಗಿ ಬೇಕಾಗೇತೋ? ನಾ ಎಡಚಿ. ಎಡಗೈಲೆ ಕೂಸು ಹಿಡೀತಾಳಂತ ಮಂದಿ ಮಾರಿ ತಿರವತಾರ. ಎಡಗೈದ್ ತಗಿ, ಲಗೂ!"

ತೆಗೆದುಕೊಟ್ಟ. ನೀರು ಎಂಜಿನ್ನನ್ನು ನೆಕ್ಕುತ್ತಿರಲು, ಕಲ್ಲುಗಳ ಮೇಲೆ ಗಾಡಿ ಕುಡಿದವನಂತೆ ತೂರಾಡಿತು. ಒಂದು ಹೊಲಿಗೆ ಒತ್ತಿದರೆ ಮೂರು ತಾಲೂಕಿಗೆ ಕೇಳುವಂತೆ ಗೊಣಗುತ್ತಿದ್ದವನು ಈಗ ಬರಿಗೈಯಲ್ಲೇ ಹ್ಯಾಂಡಲ್ಲು ಅವುಚಿ ಹಿಡಿದು ಹಳ್ಳ ದಾಟಿಸಿದ. ಮನೆ ಮುಟ್ಟಿದಾಗ ಎಡಗೈ ಕಟ್ಟಿಗೆಯಾಗಿ ಕ್ಲಚ್ಚು ಹಿಡಿಯಲಾರದೆ, ಗಾಡಿಯನ್ನು ನೇರ ತಿಪ್ಪೆಗೆ ನುಗ್ಗಿಸಿ ನಿಲ್ಲಿಸಿದ.

"ಬಿದ್ರೇನಾತು, ಮುಟ್ಟೇವಿ!" ಎನ್ನುತ್ತ ಸುಂದ್ರವ್ವ ಸಗಣಿಯಿಂದೆದ್ದು ಒಳಗೋಡಿದಳು. ಕದವಿಕ್ಕಿಕೊಂಡಿತು. ಬಹಳ ಹೊತ್ತು ಸತ್ತೆವ್ವನ ನರಳಾಟ. ಆಮೇಲೆ ಅದೂ ನಿಂತಿತು. ಕೊನೆಗೆ ಕೂಸು ಕಿರುಚಿತು. ಹೊರಬಂದ ಸುಂದ್ರವ್ವ, "ತಾಯಿ, ಮಗಳು ಇಬ್ಬರೂ ಚಲೋ ಅದಾರ" ಎಂದಾಗ ಅವನ ಬಾಯಿಂದ ಬಂದದ್ದು ಇಷ್ಟೇ: "ನಿಮ್ಮ ಕೈ ಬೆಚ್ಚಗಿತ್ತಲ್ರಿ, ಅಕ್ಕಾರ?"

ಸಣ್ಣ ಸುಖಕ್ಕಾಗಿ ಊರೆಲ್ಲ ರಂಪ ಮಾಡುವವರನ್ನು ಕಂಡರೆ ಲೋಕಕ್ಕೆ ತಾತ್ಸಾರ. ಚಳಿಯೆಂದರೇನು, ನೋವೆಂದರೇನು ಎಂಬುದನ್ನು ಇಂಥವರು ಚರ್ಮದಲ್ಲೇ ಓದಿಕೊಂಡಿರುತ್ತಾರೆ. ಇನ್ನೊಬ್ಬರ ಕೈ ಸೆಟೆದಾಗ ಅವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ತಮ್ಮದನ್ನು ಕಳಚಿ ಕೊಡುತ್ತಾರೆ, ಕೊಂಚ ಚೌಕಾಸಿ ಮಾಡಿಯಾದರೂ.