ಕುಪ್ಪುಸ್ವಾಮಿಯ ಸುಣ್ಣದ ಗೀಟು

ನಾಲ್ಕನೇ ಸಲವೂ ಕುಪ್ಪುಸ್ವಾಮಿ ತಾತ ಗಡಾರಿ ಎತ್ತಿ ನೆಲಕ್ಕೆ ಕುಟ್ಟಿದರು. ಕುಟ್ಟಿ, ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು. ಕೈ ಸೊಂಟದಲ್ಲಿದ್ದ ಸುಣ್ಣದ ಡಬ್ಬಿಯವರೆಗೆ ಹೋಯಿತು. ಮುಚ್ಚಳ ಮಾತ್ರ ತೆಗೆಯಲಿಲ್ಲ.

"ಇನ್ನೊಂದು ದಪ ನೋಡ್ತೀನಿ ತಂಬಿ," ಅಂದರು, ನನ್ನ ಮುಖ ನೋಡದೆ.

ಬೆಳಿಗ್ಗೆ ಎಂಟೂವರೆಯಾಗಿತ್ತು. ಹತ್ತಕ್ಕೆಲ್ಲ ಗಾಳಿ ಏಳುತ್ತದೆ. ಗಾಳಿ ಎದ್ದರೆ ಚಾಂಪಿಯನ್ ರೀಫ್ಸ್ ಎಂಬ ಹಳೇ ಚಿನ್ನದ ಗಣಿಯ ಈ ಸೈನೈಡ್ ಗುಡ್ಡದ ಪುಡಿಯೂ ಏಳುತ್ತದೆ. ಕೆಳಗೆ ಗಣಿ ಕೂಲಿಗಳಿಗೆಂದು ಕಟ್ಟಿದ ಲೈನ್ ಮನೆಗಳ ಹೆಂಗಸರು ಒಣಹಾಕಿದ ಬಟ್ಟೆ ಬಾಚಿಕೊಂಡು ಒಳಗೋಡಿ ಕಿಟಕಿ ಹಾಕಿಕೊಳ್ಳುತ್ತಾರೆ. ಆಮೇಲೆ ಹತ್ತಡಿ ಮುಂದಿರುವುದು ಕಾಣುವುದಿಲ್ಲ. ಅಷ್ಟರೊಳಗೆ ಹಾರಿ ಮುಗಿಸಬೇಕು. ಗುಡ್ಡದ ನೆತ್ತಿಯಲ್ಲಿ ಮುನೀಂದ್ರ ಒಂದು ಕಾಲು ಸೈಕಲ್ಲಿನ ಪೆಡಲ್ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಕಾಯುತ್ತಿದ್ದ. ಸುಣ್ಣದ ಗೀಟು ಕಾಣದೆ ಇಳಿಯುವವನಲ್ಲ ಅವನು.

ಮುನೀಂದ್ರ ನಮ್ಮೂರಿನವನೇ. ಬಂಗಾರಪೇಟೆಯಿಂದ ಬೇತಮಂಗಲಕ್ಕೆ ಹೋಗುವ ಬಸ್ಸು ಹತ್ತಿದರೆ ಅರ್ಧ ಗಂಟೆಗೆ ನಮ್ಮೂರು. ಅವನ ತಾಯಿ ಮುನಿನಾರಾಯಣಮ್ಮ ಆರು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಾರೆ. ನನ್ನ ಹೆಸರು ಸುಬ್ರಮಣಿ. ನನ್ನದೊಂದು ಗೂಡ್ಸ್ ಆಟೋ ಇದೆ, ಅವನ ಸೈಕಲ್ಲು ಹೊರುವುದು ಅದೇ. ಸೈಕಲ್ ಅಂದರೆ ಪೇಪರ್ ಹಾಕುವ ಸೈಕಲ್ಲಲ್ಲ; ಎಮ್ಮೆ ಕೊಂಬಿನಂಥ ಹ್ಯಾಂಡಲ್ಲು, ಟ್ರಾಕ್ಟರಿನ ಟೈರಿಗೆ ಮರಿ ಹುಟ್ಟಿದಂಥ ಟೈರು. ಇದರಲ್ಲೇ ಅವನ ಹೊಟ್ಟೆಪಾಡು. ಪುಣೆಯ ಕಡೆಯ ಒಂದು ಕಂಪನಿ ಅವನನ್ನು ಸಾಕುತ್ತದೆ, ಹಿಮಾಚಲಕ್ಕೂ ಕೆನಡಾಕ್ಕೂ ಕಳಿಸಿದೆ. ರೇಸಲ್ಲ ಇದು, ಗಡಿಯಾರದ ಜೊತೆ ಜಗಳವಿಲ್ಲ. ಆಡು ಕೂಡ ಯೋಚಿಸುವ ಜಾಗದಲ್ಲಿ ದಾರಿ ಕಂಡುಕೊಂಡು, ಇಳಿದು, ಹಾರಿ, ಬೀಳದೆ ನಿಲ್ಲುವುದು. ಫ್ರೀರೈಡ್ ಅನ್ನುತ್ತಾರೆ.

ಊರಿನವರಿಗೆ ಇದು ಒಗ್ಗಿಲ್ಲ. ಎದುರು ಮನೆ ಅಕ್ಕಯ್ಯಮ್ಮ ವಾರಕ್ಕೊಂದು ಸಲ ಕೇಳುತ್ತಾಳೆ: "ಏನ್ಲಾ ಮುನೀಂದ್ರ, ನಿನ್ ವಯಸ್ಗೆ ನಿಮ್ಮಪ್ಪ ಟ್ರಾಕ್ಟ್ರು ಓಡುಸ್ತಿದ್ದ. ನೀನಿನ್ನೂ ಸೈಕಲ್ಲಾಗೇ ಇದ್ದೀಯಲ್ಲ."

"ಟ್ರಾಕ್ಟ್ರು ಎಗರಲ್ಲ ಅಕ್ಕಯ್ಯಮ್ಮ," ಅನ್ನುತ್ತಾನೆ ಇವನು.

ನಗಿಸುತ್ತಾನೆ, ಆದರೆ ಹಾರುವ ದಿನ ಅವನು ಬೇರೆಯೇ ಮನುಷ್ಯ. ಬೆಳಿಗ್ಗೆ ಮುದ್ದೆಯಲ್ಲಿ ಅರ್ಧ ಮುರಿದು ತಿಂದು, ಅರ್ಧ ತಟ್ಟೆಯಲ್ಲೇ ಮುಚ್ಚಿಟ್ಟು ಬರುತ್ತಾನೆ. ಉಳಿದದ್ದನ್ನು ವಾಪಸ್ಸು ಬಂದು ತಿನ್ನಬೇಕು. ಹಾರುವ ದಾರಿಯನ್ನು ಮೂರು ಸಲ ನಡೆಯುತ್ತಾನೆ, ಅಂಚಿನಲ್ಲಿ ಹೊಟ್ಟೆ ಮೇಲೆ ಮಲಗಿ ಕೆಳಗೆ ನೋಡುತ್ತಾನೆ. ಭಯವಾಗುವುದಿಲ್ಲವೇನೋ ಎಂದು ಒಮ್ಮೆ ಕೇಳಿದ್ದೆ. "ಭಯ ಅಂದ್ರೆ ಬೀದಿ ನಾಯಿ ಇದ್ದಂಗೆ ಕಣ್ಲಾ. ಬೊಗುಳ್ತಾ ಇದ್ರೆ ಎಲ್ಲವ್ನೆ ಅಂತ ಗೊತ್ತಾಯ್ತದೆ. ಸುಮ್ಕಾಗ್ಬುಟ್ರೇನೇ ಕಷ್ಟ," ಅಂದಿದ್ದ.

ಇವತ್ತು ಹಾರಬೇಕಾದದ್ದು ಮೂವತ್ತು ಅಡಿ ಅಗಲದ ಒಂದು ಕೊರಕಲು. ಈ ಗುಡ್ಡ ದೇವರು ಮಾಡಿದ್ದಲ್ಲ. ನೂರು ವರ್ಷ ನೆಲದೊಳಗಿನ ಕಲ್ಲು ತಂದು, ಅರೆದು, ಚಿನ್ನ ತೆಗೆದುಕೊಂಡು, ಉಳಿದ ಹಿಟ್ಟನ್ನು ಇಲ್ಲಿ ಸುರಿದಿದ್ದಾರೆ. ಮಳೆ ಬಂದಾಗ ನೀರು ಮೇಲಿನಿಂದಲೂ ಕೊರೆಯುತ್ತದೆ, ಒಳಗಿಂದಲೂ ಕೊರೆಯುತ್ತದೆ. ಮೇಲೆ ಚಪ್ಪಟೆ ನೆಲ, ಕಾಲಿಟ್ಟರೆ ಗಟ್ಟಿ. ಒಳಗೆ ಹಂದಿ ತೂರುವಷ್ಟು ಬಿಲ ಇರಬಹುದು, ಕಣ್ಣಿಗೆ ಗೊತ್ತಾಗುವುದಿಲ್ಲ. ಹಾರುವ ದಿಮ್ಮಿಯನ್ನು, ಅಂದರೆ ಕೊರಕಲಿನ ಅಂಚಿಗೆ ಏರುವ ಮಣ್ಣಿನ ಕಟ್ಟೆಯನ್ನು, ನಾವೇ ಕಟ್ಟುತ್ತೇವೆ. ಹಿಟ್ಟಿಗೆ ನೀರು ಕೊಟ್ಟು, ದಿಮ್ಮಸ್ಸು ಹಾಕಿ, ಕಣ ಸಾರಿಸಿದ ಹಾಗೆ ಸಗಣಿ ಬಳಿಯುವುದು. ಇದು ಮುನಿನಾರಾಯಣಮ್ಮ ಕಲಿಸಿದ ಕೆಲಸ. "ಆಲಿನ ಕ್ಯಾನ್ ಮುಟ್ಟಿದ್ರೆ ಕೈ ಮುರೀತೀನಿ," ಎಂದು ತೂತು ಬಿದ್ದ ಹಳೇ ಕ್ಯಾನೊಂದರಲ್ಲಿ ಸಗಣಿ ತುಂಬಿಸಿ ಕಳಿಸುತ್ತಾರೆ.

ಕಟ್ಟಿದ ಮೇಲೆ ಕುಪ್ಪುಸ್ವಾಮಿ ತಾತ ಬರಬೇಕು. ಅವರು ಗಣಿಯಲ್ಲಿ ಇಪ್ಪತ್ತೇಳು ವರ್ಷ, ಸುರಂಗ ಕುಸಿಯದಂತೆ ಮರ ಕಟ್ಟುವ ಕೆಲಸದಲ್ಲಿದ್ದವರು. ಪಾಳಿ ಶುರುವಾಗುವ ಮುಂಚೆ ತಲೆ ಮೇಲಿನ ಬಂಡೆಯನ್ನು ಗಡಾರಿಯಲ್ಲಿ ಕುಟ್ಟಿ ಕೇಳುವುದು. ಟಣ್ ಅಂದರೆ ಗಟ್ಟಿ. ಡಬ್ ಅಂದರೆ ಬಿರುಕು. ಗಟ್ಟಿ ಅನ್ನಿಸಿದ ಕಡೆ ಎಲೆಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ಬೆರಳಲ್ಲಿ ಒಂದು ಗೀಟು ಎಳೆಯುತ್ತಿದ್ದರಂತೆ. ಅವರ ಗುಂಪಿನವರು ಆ ಗೀಟು ನೋಡಿಯೇ ಒಳಗೆ ಹೋಗುತ್ತಿದ್ದದ್ದು. ಇನ್ನೊಬ್ಬ ಮತ್ತೆ ಕುಟ್ಟಿ ನೋಡಿದರೆ ಮೊದಲು ಕುಟ್ಟಿದವನಿಗೆ ಅವಮಾನ. ಗಣಿ ಮುಚ್ಚಿದ ಮೇಲೂ ಲೈನ್ ಮನೆಗಳಲ್ಲಿ ಗೋಡೆ ಬಿರಿದರೆ ಅವರನ್ನೇ ಕರೆಯುತ್ತಿದ್ದರು.

ಕರೆಯುತ್ತಿದ್ದರು. ಎಂಟು ತಿಂಗಳಿಂದ ಅವರು ಯಾರ ಮನೆಗೂ ಹೋಗಿಲ್ಲ.

ಎಂಟು ತಿಂಗಳ ಹಿಂದೆ ಇದೇ ಕೊರಕಲಿನಲ್ಲಿ ಮುನೀಂದ್ರ ಬಿದ್ದ. ತಾತ ಕುಟ್ಟಿ, ಕೇಳಿ, ಗೀಟು ಎಳೆದಿದ್ದರು. ಇವನು ದಿಮ್ಮಿಯ ತುದಿಯವರೆಗೆ ಬಂದ, ಆಮೇಲೆ ಸೈಕಲ್ಲೊಂದು ಕಡೆ, ಇವನೊಂದು ಕಡೆ. ತೊಡೆಮೂಳೆ ಎರಡು ತುಂಡು. ಆಟೋದಲ್ಲಿ ಮಲಗಿಸಿಕೊಂಡು ಹೋಗುವಾಗ ನನ್ನ ಅಂಗಿ ಹಿಡಿದುಕೊಂಡು, "ತುದಿ ಕುಸೀತು ಕಣ್ಲಾ. ಯಾರ್ ಕೇಳುದ್ರೂ ಅಂಗೇ ಏಳು," ಅಂದ. ನಾನು ಹಾಗೇ ಹೇಳಿದೆ. ಆ ರಾತ್ರಿ ಮಳೆ ಬಂದು ದಿಮ್ಮಿ ಕರಗಿಹೋಯಿತು, ಪರೀಕ್ಷೆ ಮಾಡಲು ಏನೂ ಉಳಿಯಲಿಲ್ಲ.

ಆದರೆ ನಾನು ಕೆಳಗೇ ನಿಂತಿದ್ದೆ. ಬೀಳುವ ಮುಂಚೆ ಕಿರ್ ಎಂದದ್ದು ನನಗೆ ಕೇಳಿಸಿತ್ತು. ನೆಲ ಕುಸಿದಿರಲಿಲ್ಲ. ತುದಿಯಲ್ಲಿ ಇವನ ಬೆರಳು ಬ್ರೇಕು ಹಿಡಿದಿತ್ತು.

ಜೇಬಿನ ವಾಕಿಟಾಕಿ ಕೆರೆಯಿತು. ಆ ಕಡೆ ದಿಬ್ಬದ ಮೇಲೆ ಕ್ಯಾಮೆರಾ ಹಿಡಿದ ಅರ್ಚನ, ಕಂಪನಿ ಕಳಿಸಿದ ಹುಡುಗಿ. "ಸುಬ್ರಮಣಿ ಅವರೇ, ಏನಾಗ್ತಿದೆ? ನಿಮ್ಮ ಬಟ್ಟೆ ಅಲ್ಲಾಡೋಕೆ ಶುರುವಾಗಿದೆ."

ಗಾಳಿ ನೋಡಲು ಕೋಲಿಗೆ ಕಟ್ಟಿದ್ದ ಸೀರೆ ತುಂಡು ನಿಜಕ್ಕೂ ಒಂದು ಸಲ ಉಸಿರಾಡಿ ಇಳಿದಿತ್ತು. ನಾನು ಗುಡ್ಡ ಹತ್ತಿದೆ. ಹತ್ತುವಷ್ಟರಲ್ಲಿ ನಾಲಿಗೆಯೆಲ್ಲ ಪುಡಿ.

"ತಾತ ಗೀಟ್ ಆಕಲ್ಲ ಕಣ್ಲಾ," ಅಂದೆ.

"ಟೊಳ್ಳಾ?"

"ಟೊಳ್ಳೂ ಅನ್ನಲ್ಲ, ಗಟ್ಟೀನೂ ಅನ್ನಲ್ಲ. ಕಿವಿ ಮ್ಯಾಲೆ ನಂಬ್ಕೆ ಓಗ್ಬುಟ್ಟದೆ. ಯಾಕೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು."

ಅವನು ಹೆಲ್ಮೆಟ್ಟಿನೊಳಗಿಂದ ಕೆಳಗೆ ನೋಡಿದ. ತಾತ ಇರುವೆಯಷ್ಟು ಚಿಕ್ಕದಾಗಿ ಕಾಣುತ್ತಿದ್ದರು, ಕುಟ್ಟಿದ ಸದ್ದು ಒಂದು ಕ್ಷಣ ತಡವಾಗಿ ಬರುತ್ತಿತ್ತು.

"ತಾತಂಗೆ ಏಳಿಬಿಡು," ಅಂದೆ.

"ಭಯ ಆಯ್ತು ಅಂತ ಬಾಯಿಂದ ಆಚೆ ಬಂದ್ರೆ ಅದು ನಿಜ ಆಗೋಯ್ತದೆ. ಬಂದು ಕೈಯಾಗೆ ಕೂತ್ಕೊಂತದೆ."

"ಇಷ್ಟ್ ದಿನ ಎಲ್ಲಿ ಕೂತಿತ್ತು?"

ಅವನು ಪೆಡಲನ್ನು ಹಿಂದಕ್ಕೆ ತಿರುಗಿಸಿ ಮೇಲಕ್ಕೆ ತಂದುಕೊಂಡ. ಗೀಟಿಲ್ಲದೆಯೇ ಇಳಿಯುತ್ತಾನೆ ಎಂದು ನನಗೆ ಗೊತ್ತಾಯಿತು. ಕಾಲೊಳಗೆ ಕಂಬಿ ಹಾಕಿಸಿಕೊಂಡವನು. ಇನ್ನೊಂದು ಸಲ ಅದೇ ಥರ ಬಿದ್ದರೆ ನಡೆಯುವ ಮಾತೇ ಇಲ್ಲ ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ನಾನು ಹ್ಯಾಂಡಲ್ಲು ಹಿಡಿಯಲಿಲ್ಲ. ಅಂಥ ಹೊತ್ತಿನಲ್ಲಿ ಹಿಡಿಯಬಾರದು. ಅವನ ಬಲಗೈ ತೋರುಬೆರಳನ್ನಷ್ಟೇ ನೋಡುತ್ತಿದ್ದೆ. ಬ್ರೇಕಿನ ಮೇಲೆ ಅದು ಸಣ್ಣಗೆ ಕುಣಿಯುತ್ತಿತ್ತು, ತಂತಿ ಮೇಲೆ ಕೂತ ಹಕ್ಕಿಯ ಬಾಲದ ಹಾಗೆ. ಅವನೂ ಅದನ್ನೇ ನೋಡುತ್ತಿದ್ದ.

ಆಮೇಲೆ ಸೈಕಲ್ಲನ್ನು ಮಲಗಿಸಿ, ಹೆಲ್ಮೆಟ್ ತೆಗೆದು, ಕುಂಟುತ್ತಾ ಕೆಳಗಿಳಿದ. ನಾನೂ ಹಿಂದೆಯೇ ಹೋದೆ.

"ತಾತ," ಅಂದ. "ಅವತ್ತು ನೆಲ ಕುಸೀಲಿಲ್ಲ. ನಾನೇ ಬ್ರೇಕ್ ಇಡ್ದೆ."

ಕುಪ್ಪುಸ್ವಾಮಿ ತಾತ ಗಡಾರಿ ನೆಲಕ್ಕೂರಿ ಅದರ ಮೇಲೆ ಎರಡೂ ಕೈ ಇಟ್ಟರು. ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಎನ್ನಾ ಸೊಲ್ರೆ?" ಏನು ಹೇಳ್ತಿದ್ದೀಯ ಎಂದು ತಮಿಳಲ್ಲೇ ಕೇಳಿದರು.

"ನಿಮ್ ಗೀಟು ಸರಿಯಾಗೇ ಇತ್ತು. ತುದಿಯಾಗೆ ನಂಗೆ ಕೈ ಇಡ್ಕೊಂಬುಡ್ತು. ಏಳಕ್ ನಾಚ್ಕೆ ಆಯ್ತು."

ತಾತ ನನ್ನ ಕಡೆ ತಿರುಗಿದರು. "ನಿನಗೆ ಗೊತ್ತಾಪಾ?"

"ಗೊತ್ತಿತ್ತು ತಾತ."

ಅವರು ಪಕ್ಕಕ್ಕೆ ಹೋಗಿ ಉಗುಳಿ, ಬಾಟಲಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಪಕ್ಕದ ಮನೆ ಶಾಂತಮ್ಮ," ಅಂದರು ನಿಧಾನವಾಗಿ, "ಗೋಡೆ ಬಿರುಕು ಬಿಟ್ಟಿದೆ, ಬಂದು ತಟ್ಟಿ ನೋಡಣ್ಣಾ ಅಂತ ದಿನಾ ಕೇಳ್ತಾಳೆ. ನಾನು ಮಂಡಿ ನೋವು ಅಂತ ಸುಳ್ಳು ಹೇಳ್ತೀನಿ. ಕ್ಲಬ್ಬಲ್ಲಿ ಎಲ್ಲಾರೂ ಕಿಂಡಲ್ ಮಾಡ್ತಾರೆ, ಏನ್ ಕುಪ್ಪು, ಕಿವಿನೂ ಪೆನ್ಷನ್ ತಗೊಂಡ್ತಾ ಅಂತ. ರಾತ್ರಿ ಮಲಗಿದ್ರೆ ಲೆಕ್ಕ ಹಾಕ್ತೀನಿ ತಂಬಿ. ಈ ಹುಡುಗನ ಕಾಲು ನಾನು ಮುರಿದೆ. ಹಂಗಾದ್ರೆ ಒಳಗೆ ಎಷ್ಟು ಜನನ್ನ ಅದೃಷ್ಟದಲ್ಲಿ ಉಳಿಸಿದೆ, ಎಷ್ಟು ಜನನ್ನ ಕಿವಿಲಿ ಉಳಿಸಿದೆ ಅಂತ."

ಸೀರೆ ತುಂಡು ಮತ್ತೆ ಅಲ್ಲಾಡಿತು, ಈ ಸಲ ಇಳಿಯಲು ಹೊತ್ತು ತೆಗೆದುಕೊಂಡಿತು. ವಾಕಿಟಾಕಿಯಲ್ಲಿ ಅರ್ಚನ ಏನೋ ಕೇಳಿದಳು, ನಾನು ಅದರ ಬಾಯಿ ಮುಚ್ಚಿದೆ.

ತಾತ ಗಡಾರಿ ಎತ್ತಿದರು. ಈಗ ಕುಟ್ಟಿದ ರೀತಿಯೇ ಬೇರೆ. ದಿಮ್ಮಿಯ ಉದ್ದಕ್ಕೂ ಚಕಚಕ ಕುಟ್ಟುತ್ತಾ ಹೋದರು, ಎಲ್ಲೂ ಎರಡನೇ ಸಲ ಇಲ್ಲ. ಟಣ್, ಟಣ್. ಡಬ್ಬಿ ತೆಗೆದು ತುದಿಗೆ ಸುಣ್ಣದ ಗೀಟು ಎಳೆದರು. ಕೊರಕಲು ಸುತ್ತಿ ಆ ಕಡೆಯ ಇಳಿಜಾರಿಗೆ ಹೋದರು, ಸೈಕಲ್ಲು ಬಂದು ಬೀಳಬೇಕಾದ ಜಾಗಕ್ಕೆ. ಎಡಗಡೆ ಟಣ್. ನಡುವೆ ಟಣ್. ಬಲಗಡೆ ಡಬ್. ಅಲ್ಲೇ ನಿಂತರು.

"ಇದು ನನಗೆ ಬೆಳಿಗ್ಗೆ ಮೊದಲನೇ ದಪ ಕುಟ್ಟಿದಾಗಲೇ ಕೇಳಿಸ್ತು," ಅಂದರು. "ಹೇಳೋಕೆ ಧೈರ್ಯ ಬರಲಿಲ್ಲ. ಕಿವಿ ಸುಳ್ಳು ಹೇಳ್ತಾ ಇದೆ ಅಂದ್ಕೊಂಡೆ."

ಗಡಾರಿಯನ್ನು ತಲೆಯೆತ್ತರಕ್ಕೆ ಎತ್ತಿ ಅದೇ ಜಾಗಕ್ಕೆ ಇಳಿಸಿದರು. ನೆಲ ಹಪ್ಪಳದ ಹಾಗೆ ಮುರಿದು ಒಳಗೆ ಹೋಯಿತು. ಬಗ್ಗಿ ನೋಡಿದೆ. ಕೊಡ ಇಳಿಯುವಷ್ಟು ಅಗಲ, ತಳ ಕಾಣದ ಕತ್ತಲೆ. ನಮ್ಮ ಲೆಕ್ಕದ ಪ್ರಕಾರ ಮುಂದಿನ ಚಕ್ರ ಬೀಳಬೇಕಾಗಿದ್ದದ್ದು ಅಲ್ಲಿಂದ ಒಂದು ಮೊಳ ದೂರದಲ್ಲಿ.

ತಾತ ಎಡಗಡೆಗೆ, ಎರಡು ಮಾರು ಆಚೆ ಉದ್ದಕ್ಕೆ ಗೀಟು ಎಳೆದರು. "ಇಲ್ಲಿ ಇಳಿ. ನೆಲಕ್ಕೆ ನಾನು ಜವಾಬ್ದಾರ. ಕೈಗೆ?"

ಮುನೀಂದ್ರ ತನ್ನ ಬಲಗೈಯನ್ನು ಬೇರೆಯವರದೇನೋ ಎಂಬಂತೆ ನೋಡಿಕೊಂಡ. "ಗೊತ್ತಿಲ್ಲ ತಾತ. ನಿಜ್ವಾಗ್ಲೂ ಗೊತ್ತಿಲ್ಲ."

"ಕೊಡು." ಆ ಕೈಯ ಕಪ್ಪು ಗ್ಲೌಸಿನ ತೋರುಬೆರಳಿಗೆ ತಾತ ದಪ್ಪವಾಗಿ ಸುಣ್ಣ ಮೆತ್ತಿದರು. ಬ್ರೇಕಿನ ಕಡ್ಡಿಯೂ ಕಪ್ಪೇ. "ಈಗ ನೀನು ಹೇಳೋದೇ ಬೇಡ. ಅದೇ ಹೇಳುತ್ತೆ."

ಮುನೀಂದ್ರ ಗುಡ್ಡ ಹತ್ತಿದ. ಅವನು ಹತ್ತುವಷ್ಟು ಹೊತ್ತೂ ನಾನು ಸೀರೆ ತುಂಡನ್ನೇ ನೋಡುತ್ತಿದ್ದೆ. ಒಂಬತ್ತು ಇಪ್ಪತ್ತು. ಗುಡ್ಡದ ಪೂರ್ವದ ಅಂಚಿನಲ್ಲಿ ಪುಡಿ ಹೊಗೆಯ ಹಾಗೆ ಏಳತೊಡಗಿತ್ತು. ಸೀರೆ ಇಳಿದಾಗ ಕೈ ಎತ್ತಿ ಸನ್ನೆ ಮಾಡಿದೆ.

ಇಳಿಯುವುದನ್ನು ಕೆಳಗಿನಿಂದ ನೋಡಿದವರಿಗೆ ಗೊತ್ತು, ಮೊದಲು ಏನೂ ಆಗುತ್ತಿಲ್ಲ ಅನಿಸುತ್ತದೆ. ಒಂದು ಚುಕ್ಕೆ, ಅದರ ಹಿಂದೆ ಬಿಳಿ ಬಾಲ. ಆಮೇಲೆ ಎಲ್ಲ ಒಟ್ಟಿಗೇ ಆಗುತ್ತದೆ. ನಾನು ನೋಡುತ್ತಿರಲಿಲ್ಲ, ಕೇಳುತ್ತಿದ್ದೆ, ಆ ಒಂದು ಕಿರ್ ಎನ್ನುವ ಸದ್ದಿಗಾಗಿ. ಟೈರಿನ ಮೊರೆತ ದೊಡ್ಡದಾಯಿತು. ಪಕ್ಕದಲ್ಲಿ ತಾತ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಅಂಗೈ ನೆಲಕ್ಕೆ ಒತ್ತಿಕೊಂಡಿದ್ದರು. ಮೊರೆತ ದಿಮ್ಮಿಗೆ ಬಂತು, ಸಗಣಿ ಸಾರಿಸಿದ ನೆಲದ ಮೇಲೆ ಒಣಗಿದ ಸದ್ದಾಯಿತು. ಆಮೇಲೆ ಏನೂ ಇಲ್ಲ.

ಏನೂ ಇಲ್ಲ ಅಂದರೆ, ಗಾಳಿಯಲ್ಲಿದ್ದಾನೆ.

ದಡ್. ಎರಡು ಚಕ್ರಕ್ಕೂ ಒಂದೇ ಸದ್ದು. ತಾತನ ಅಂಗೈ ನೆಲದಿಂದ ಏಳುವಷ್ಟರಲ್ಲಿ ಅವನು ಸುಣ್ಣದ ಗೀಟಿನ ಮೇಲೆಯೇ ಹಾದು, ಕೆಳಗಿನ ಬಯಲಿನಲ್ಲಿ ದೊಡ್ಡದೊಂದು ಸುತ್ತು ಹಾಕಿ ನಿಂತಿದ್ದ. ಆ ಕಡೆ ದಿಬ್ಬದಲ್ಲಿ ಅರ್ಚನ ಕುಣಿಯುತ್ತಿದ್ದಳು, ಇಲ್ಲಿಗೆ ಸದ್ದು ಬರುತ್ತಿರಲಿಲ್ಲ.

ತಾತ ಶಭಾಸ್ ಅನ್ನಲಿಲ್ಲ. ಕೆಳಗಿಳಿದು ನೇರ ಹ್ಯಾಂಡಲ್ಲಿಗೆ ಬಗ್ಗಿದರು. ನಾನೂ ಬಗ್ಗಿದೆ. ಕಪ್ಪು ಕಡ್ಡಿಯ ತುದಿಯಲ್ಲಿ ಕಡಲೆಬೇಳೆಯಷ್ಟು ಬಿಳಿ.

"ಮುಟ್ಟಿದೀಯ," ಅಂದರು.

"ಮುಟ್ದೆ ತಾತ," ಅಂದ ಮುನೀಂದ್ರ. ಇನ್ನೂ ಏದುಸಿರು ಬಿಡುತ್ತಿದ್ದ. "ಇಡೀಲಿಲ್ಲ."

ತಾತ ತಲೆಯಾಡಿಸಿದರು. ಸುಣ್ಣವನ್ನು ಒರೆಸಲು ಹೋದ ನನ್ನ ಕೈಯನ್ನು ತಟ್ಟಿ, ಇರಲಿ ಬಿಡು ಎಂದು ಸನ್ನೆ ಮಾಡಿದರು. ಆಮೇಲೆ ಗಡಾರಿಯನ್ನು ನನ್ನ ಹೆಗಲಿಗೆ ಒರಗಿಸಿದರು.

"ನೀನು ಹೊರು. ಎಂಟು ತಿಂಗಳು ನಾನು ಹೊತ್ತಿದ್ದೀನಿ."

ಹನ್ನೆರಡು ಕೆಜಿ ಗಡಾರಿ. ಆಟೋದಲ್ಲಿ ಹಾಕಲೂ ಬಿಡಲಿಲ್ಲ. ಲೈನ್ ಮನೆಗಳವರೆಗೆ ನಡೆದೇ ಹೋದೆವು. ಮುನೀಂದ್ರ ಸೈಕಲ್ಲು ತಳ್ಳಿಕೊಂಡು ಹಿಂದೆ ಬಂದ. ಅಷ್ಟರಲ್ಲಿ ಗಾಳಿ ಎದ್ದು, ಹೆಂಗಸರು ಬಟ್ಟೆ ಎತ್ತಿಕೊಳ್ಳುತ್ತಿದ್ದರು. ಶಾಂತಮ್ಮ ಕಿಟಕಿ ಹಾಕಲು ಬಂದವಳು ನಮ್ಮನ್ನು ನೋಡಿ, "ಏನಣ್ಣಾ, ಮಂಡಿ ವಾಸಿಯಾಯ್ತಾ?" ಅಂದಳು.

ತಾತ ನನ್ನ ಹೆಗಲಿನಿಂದ ಗಡಾರಿ ತೆಗೆದುಕೊಂಡರು.

"ಯಾವ ಗೋಡೆ ಮಾ?" ಎಂದು ಕೇಳುತ್ತಾ ಬಾಗಿಲಿನಲ್ಲಿ ಚಪ್ಪಲಿ ಬಿಟ್ಟರು.