ಬಾಗಿಲಿಗೆ ಕಟ್ಟಿದ ಸೊಪ್ಪು

ಸಾಪಾ ಪೇಟೆಯಿಂದ ನಮ್ಮ ಹಳ್ಳಿಗೆ ಇಳಿಯುವ ದಾರಿಯಲ್ಲಿ ಪಾಂಗಕ್ಕ ಯಾವಾಗಲೂ ಮುಂದೆ, ನಾನು ಯಾವಾಗಲೂ ಹಿಂದೆ. ಮುಂದಿರುವವಳು ಮಾತಾಡುತ್ತಾಳೆ. ಹಿಂದಿರುವವಳು ಜಾರಿ ಬಿದ್ದವರನ್ನು ಎತ್ತುತ್ತಾಳೆ.

ಅವಳು ನನ್ನ ದೊಡ್ಡಪ್ಪನ ಮಗಳು. ಮದುವೆಯಾಗಿ ನಮ್ಮೂರಿನ ಮೇಲಿನ ಮನೆಗೇ ಸೇರಿದಳು. ಮಳೆಗಾಲದಲ್ಲಿ ಬೆನ್ನಿಗೆ ಚೀಲ ಹೊತ್ತು ಬೆಟ್ಟ ನಡೆಯಲು ಬರುವ ಪರದೇಶದವರನ್ನು ಪೇಟೆಯಿಂದ ಕರೆತರುವುದು ನಾವಿಬ್ಬರೂ; ಅವರೆಲ್ಲ ಉಳಿಯುವುದು ಮಾತ್ರ ಅವಳ ಮನೆಯಲ್ಲೇ. ಈ ವರ್ಷ ಅಮ್ಮ ನಮ್ಮ ಅಟ್ಟವನ್ನೂ ಗುಡಿಸಿ, ಹೊಸ ಸೊಳ್ಳೆಪರದೆ ಕಟ್ಟಿ ಕಾದಳು. ಇಷ್ಟು ದಿನ ಅದರೊಳಗೆ ಮಲಗಿದ್ದು ನಮ್ಮ ಬೆಕ್ಕು ಮಾತ್ರ.

ಅವತ್ತು ಬಂದವರು ಇಬ್ಬರು: ಮಾರೈಕ ಎಂಬ ಉದ್ದನೆಯ ಹುಡುಗಿ, ಗಡ್ಡದ ಅವಳ ಗೆಳೆಯ. ಹೊರಟ ಸ್ವಲ್ಪ ಹೊತ್ತಿಗೇ ಮಳೆ ಹಿಡಿಯಿತು. ಬಾಡಿಗೆಯ ರಬ್ಬರ್ ಬೂಟುಗಳು ಕೆಸರಿನಲ್ಲಿ ಹೂತುಕೊಳ್ಳುತ್ತಿದ್ದವು. ಮೋಡ ಸರಿದಾಗೊಮ್ಮೆ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆಗಳು ಕಾಣುತ್ತಿದ್ದವು. ಅವರು ಮಾತು ಮರೆತು ನಿಂತುಬಿಡುತ್ತಿದ್ದರು. ಪಾಂಗಕ್ಕ ಮಾತ್ರ ಆ ಬೆಟ್ಟವನ್ನೆಲ್ಲ ತಾನೇ ಅಗೆದವಳ ಹಾಗೆ ಕೈಬೀಸಿ ತೋರಿಸುತ್ತಿದ್ದಳು. ನಡೆಯುತ್ತಲೇ ಹುಲ್ಲಿನಲ್ಲಿ ಕುದುರೆ ಹೆಣೆದು ಮಾರೈಕಳ ಚೀಲಕ್ಕೆ ಸಿಕ್ಕಿಸಿದಳು. ಮಾರೈಕ ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಳು. ಬಿದ್ದಾಗಲೆಲ್ಲ ಅವಳು ಹಿಡಿದದ್ದು ನನ್ನ ಕೈ. ಬಣ್ಣದ ತೊಟ್ಟಿಯಲ್ಲಿ ಬಟ್ಟೆ ಅದ್ದಿ ಅದ್ದಿ ನೀಲಿಗಟ್ಟಿದ ಕೈ. ಅದನ್ನು ಅವಳು ನೋಡಲೇ ಇಲ್ಲ.

"ಏನೇ ಯೇರ್," ಪಾಂಗಕ್ಕ ನಮ್ಮ ಭಾಷೆಯಲ್ಲಿ ಕೂಗಿದಳು, "ನಾಲಿಗೆ ಕೋಳಿಗೂಡಲ್ಲಿ ಬಿಟ್ಟು ಬಂದ್ಯಾ? ಒಂದ್ ಮಾತಾಡೇ, ಮಳೇಲಿ ಕರಗಿಹೋಗಲ್ಲ."

"ನೀನೇ ಆಡ್ತಿದ್ದೀಯಲ್ಲ ಅಕ್ಕ, ಸಂದು ಎಲ್ಲಿ ಬಿಟ್ಟಿದ್ದೀಯ?"

"ಅಬ್ಬಾ, ಮೂಕಿಗೆ ಬಾಯಿ ಬಂತು!" ಎಂದು ನಕ್ಕು, ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಅವರನ್ನೂ ನಗಿಸಿದಳು. ಇಂಗ್ಲಿಷ್ ನನಗೂ ಬರುತ್ತದೆ. ಶಾಲೆ ಬಿಟ್ಟ ಮೇಲೆ ಇದೇ ದಾರಿಯಲ್ಲಿ, ಅವಳ ಬೆನ್ನ ಹಿಂದೆ ನಡೆಯುತ್ತಾ ಕಲಿತದ್ದು. ಆದರೆ ನನ್ನ ಮಾತು ಬಾಯಿಗೆ ಬರುವಷ್ಟರಲ್ಲಿ ಅವಳದ್ದು ಮುಗಿದಿರುತ್ತದೆ.

"ನಮ್ಮನೇಲಿ ಬೆಂಕಿ ಹಾಕಿರ್ತಾರೆ," ಎಂದು ಅವರಿಗೆ ಆಸೆ ಹುಟ್ಟಿಸುತ್ತಿದ್ದಳು. "ಹೋಗಿ ಕೂತ್ರೆ ಮಳೇನೇ ಮರ್ತುಹೋಗತ್ತೆ."

ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಅವಳು ಹಿಂದಿನ ದಿನವೇ ಪೇಟೆಗೆ ಹೋಗಿ ಅಲ್ಲೇ ಉಳಿದಿದ್ದಳು. ನೀರು ಹೊಕ್ಕು ಅವಳ ಫೋನು ಕೆಟ್ಟಿತ್ತು. ರಾತ್ರಿ ಅವಳ ಅತ್ತೆಗೆ ಜ್ವರ ಏರಿತ್ತು. ಜೀವ ಕರೆಯುವ ಅಜ್ಜ ಬಂದು, ದೂರ ಹೋದ ಜೀವವನ್ನು ಕರೆದು ತಂದು, ಬೆಳಿಗ್ಗೆ ಬಾಗಿಲಿಗೆ ಹಸಿರು ಸೊಪ್ಪು ಕಟ್ಟಿಸಿದ್ದ. ಅದನ್ನು ನೋಡಿಯೇ ನಾನು ಪೇಟೆಗೆ ಹತ್ತಿ ಬಂದಿದ್ದೆ. ಸೊಪ್ಪು ಕಟ್ಟಿದ ಮನೆಯೊಳಗೆ ಮನೆಯವರು ಮಾತ್ರ ಓಡಾಡಬೇಕು. ಹೊರಗಿನವರು ಕಾಲಿಟ್ಟರೆ ಬಂದ ಜೀವ ಬೆದರಿ ಹೊರಟುಬಿಡುತ್ತದೆ.

ಹೇಳಬಹುದಿತ್ತು. ಆದರೆ ಆ ಬಾಗಿಲ ಮುಂದೆ ಅವಳ ಮಾತು ಗಕ್ಕನೆ ನಿಲ್ಲುವುದನ್ನು ನಾನು ನೋಡಬೇಕಿತ್ತು. ತಿರುಗಿ, ಎಲ್ಲರ ಎದುರು, "ಯೇರ್, ಇವರು ನಿಮ್ಮನೇಲಿ ಇರ್ಲಾ?" ಎಂದು ಅವಳು ಕೇಳಬೇಕಿತ್ತು.

ಅಂಗಳ ತಲುಪಿದಾಗ ಬಾಗಿಲ ಮೇಲೆ ಏನೂ ಇರಲಿಲ್ಲ. ಗಾಳಿಮಳೆಗೆ ಕಿತ್ತುಹೋದ ಸೊಪ್ಪು ಹಂದಿಗೂಡಿನ ಪಕ್ಕ ಕೆಸರಿನಲ್ಲಿ ಬಿದ್ದಿತ್ತು. ಪಾಂಗಕ್ಕ ಅತ್ತ ನೋಡದೆ, "ಬನ್ನಿ, ಬನ್ನಿ" ಎನ್ನುತ್ತಾ ಬಾಗಿಲು ತಳ್ಳಿದಳು. ಮಾರೈಕ ಹೊಸ್ತಿಲು ದಾಟಲು ಕಾಲೆತ್ತಿದಳು. ಒಳಗೆ ಮುದುಕಿ ಕೆಮ್ಮಿತು. ಚಿಕ್ಕವಳಿದ್ದಾಗ ನನಗೆ ಜೋಳ ಸುಟ್ಟು ಕೊಡುತ್ತಿದ್ದ ಮುದುಕಿ.

"ನಿಲ್ಲಿ!"

ನಾನು ಅಷ್ಟು ಜೋರಾಗಿ ಕೂಗಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಮಾರೈಕಳ ಚೀಲ ಹಿಡಿದು ಹಿಂದಕ್ಕೆಳೆದೆ. ಅವಳು ನನ್ನ ಮೇಲೇ ಬಿದ್ದಳು. ಹುಲ್ಲಿನ ಕುದುರೆ ನಮ್ಮಿಬ್ಬರ ನಡುವೆ ಸಿಕ್ಕಿ ಮುರಿಯಿತು.

"ಸೊಪ್ಪು ಕಟ್ಟಿದ್ರು ಅಕ್ಕ, ನಿಮ್ಮತ್ತೆಗೋಸ್ಕರ. ನೋಡು, ಬಿದ್ದೋಗಿದೆ."

ಪಾಂಗಕ್ಕನ ಮುಖ ಬಿಳಿಚಿಕೊಂಡಿತು. "ಗೊತ್ತಿದ್ದೂ ದಾರಿಯೆಲ್ಲ ಸುಮ್ನಿದ್ಯಾ?"

ನಾನು ಬೂಟು ನೋಡಿಕೊಂಡೆ. ಅವಳು ಬೈಯಲಿಲ್ಲ. "ನಿಮ್ಮನೆಗೆ ಕರ್ಕೊಂಡ್ ಹೋಗು," ಎಂದವಳೇ ಒಳಗೆ ಓಡಿದಳು.

ಹೀಗೆ ಅವರು ನಮ್ಮ ಮನೆಗೆ ಬಂದರು. ಅಮ್ಮ ಸಡಗರದಲ್ಲಿ ಕೋಳಿ ಹಿಡಿಯಲು ಓಡಿದಳು.

ಬೂಟು ಬಿಚ್ಚುತ್ತಾ ಮಾರೈಕ ಕೇಳಿದಳು, "ಪಾಂಗ್ ಬರ್ತಾಳಾ?"

ಕಾಲು ಕಾಯಿಸಿಕೊಳ್ಳುತ್ತಾ ಗಡ್ಡದವನು ಕೇಳಿದ, "ಊಟಕ್ಕಾದ್ರೂ ಪಾಂಗ್ ಬರ್ತಾಳಲ್ವಾ?"

ಮುರಿದ ಕುದುರೆಯನ್ನು ಮಾರೈಕ ನಮ್ಮ ಒಲೆಯ ಪಕ್ಕವೇ ಒಣಗಲು ಇಟ್ಟಿದ್ದಳು. ನೋಡಲಾಗದೆ ಹೊರಗೆ ಬಂದೆ. ಹೊಸ ಸೊಪ್ಪು ಮುರಿದುಕೊಂಡು ಮೇಲಿನ ಮನೆಗೆ ಹತ್ತಿ, ಬಾಗಿಲಿಗೆ ಬಿಗಿಯಾಗಿ ಕಟ್ಟಿದೆ.

"ಯಾರದು?" ಒಳಗಿನಿಂದ ಪಾಂಗಕ್ಕ.

"ನಾನೇ. ಸೊಪ್ಪು ಕಟ್ತಿದ್ದೀನಿ. ಹೇಗಿದ್ದಾರೆ?"

"ಗಂಜಿ ಕುಡಿದ್ರು. ಯೇರ್, ಆ ಹುಡುಗಿ ಮಾಂಸ ತಿನ್ನಲ್ಲ ಕಣೇ. ಕುಂಬಳದ ಕುಡಿ ಹುರಿದು ಹಾಕು, ಖಾರ ಬೇಡ. ಗಡ್ಡದವನಿಗೆ ಇನ್ನೊಂದ್ಸಲ ಬಡಿಸು, ಕೇಳೋಕೆ ನಾಚ್ಕೋತಾನೆ."

ಅದೂ ಅವಳಿಗೇ ಗೊತ್ತು. ಇಡೀ ದಾರಿ ಕಣ್ಣು ಬಿಟ್ಟುಕೊಂಡು ಬಂದವಳು ನಾನು. ಆದರೆ ನಾನು ನೋಡಿದ್ದು ಅವಳೊಬ್ಬಳನ್ನೇ.

ಕೆಳಗಿಳಿದು, ಅಮ್ಮನ ಕೈಯಿಂದ ಕೋಳಿ ಬಿಡಿಸಿದೆ. ಕುಂಬಳದ ಕುಡಿ ಹುರಿದು ಮಾರೈಕಳ ಮುಂದಿಟ್ಟೆ.

"ಮಾಂಸ ಇಲ್ಲ, ಖಾರಾನೂ ಇಲ್ಲ," ಎಂದೆ, ಇಂಗ್ಲಿಷಿನಲ್ಲಿ.

ಅವಳು ಕಣ್ಣರಳಿಸಿದಳು. "ಪಾಂಗ್ ಹೇಳಿದ್ಲಾ?"

"ಇಲ್ಲ," ಎಂದೆ. "ನಾನೇ ನೋಡಿ ತಿಳ್ಕೊಂಡೆ."

ಗಡ್ಡದವನಿಗೆ, ಕೇಳದೆಯೇ, ಮತ್ತೊಮ್ಮೆ ಅನ್ನ ಬಡಿಸಿದೆ.